ಆಳು 2

ಮಳೆ ಎರಡು ದಿನ ಹೊಳವು ಕೊಟ್ಟರೆ ಉಮ್ಮಚಗಿಯ ಅಡಕೆ ತೋಟಗಳಲ್ಲಿ ಬೇರೆ ಕೆಲಸವೆಲ್ಲ ನಿಲ್ಲುತ್ತದೆ. ಕೊಳೆ ಔಷಧದ ಎರಡನೇ ಸುತ್ತು ಮುಗಿಸಿಕೊಳ್ಳುವ ತರಾತುರಿ. ಮೊನ್ನೆ ನಾನು ಹೋದ ಮನೆಯ ಅಂಗಳದಲ್ಲೂ ಡ್ರಮ್ಮಿನ ತುಂಬ ನೀಲಿ ದ್ರಾವಣ, ತೋಟದೊಳಗಿಂದ ಪಂಪಿನ ಸದ್ದು, ಮರದ ತುದಿಯಲ್ಲಿ ಔಷಧ ಹೊಡೆಯುವ ಕೊನೆಗೌಡ. ಜಗುಲಿಯ ಮೇಲೆ ಮಾವ, ಅವರ ತಂಗಿಯ ಮಗಳು, ನಡುವೆ ಕವಳದ ಬಟ್ಟಲು. ಹುಡುಗಿ ಹುಬ್ಬಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ ಧೂಳು, ಸದ್ದು, ಹೊಗೆ, ವಿಕಿರಣ ಇವನ್ನೆಲ್ಲ ಅಳೆದು ಲೆಕ್ಕ ಇಡುವ ಕೆಲಸದವಳು. ರಜೆಗೆ ಬಂದವಳು ಬ್ಯಾಗಿನಿಂದ ಚಾರ್ಜರು ಎಳೆದಾಗ ಅದರ ಜೊತೆಗೆ ಚಪ್ಪಟೆ ಪ್ಲಾಸ್ಟಿಕ್ ಡಬ್ಬಿಯಂಥದ್ದೊಂದು ಜಾರಿ ಬಿತ್ತು. ಮಾತು ಅಲ್ಲಿಂದ ಹೊರಟಿತು. ಅವರಾಡಿದ್ದು ಹವ್ಯಕ ಮಾತಿನಲ್ಲಿ. ಎಲ್ಲರಿಗೂ ತಿಳಿಯಲೆಂದು ನಾನು ನೇರ ಮಾಡಿಕೊಂಡಿದ್ದೇನೆ. ಖಾರ ಸ್ವಲ್ಪ ಕಡಿಮೆಯಾಗಿದ್ದರೆ ಅದು ನನ್ನ ತಪ್ಪು.

ಮಾವ: ಇದೆಂತದೇ ಕೂಸೆ, ತಾಯಿತವಾ?

ಸೊಸೆ: ಅಯ್ಯೋ, ಇದು ಇಲ್ಲಿಗೆ ಬರಲೇಬಾರದಿತ್ತು. ಟಿಎಲ್‌ಡಿ ಬ್ಯಾಡ್ಜು ಮಾವ. ಪಾಳಿ ಮುಗಿದ ಮೇಲೆ ಅಲ್ಲೇ ಹಲಗೆಗೆ ನೇತುಹಾಕಿ ಬರಬೇಕು. ಮರೆತವರಿಗೆಲ್ಲ ಬೈಯುವವಳು ನಾನೇ.

ಮಾವ: ಬಂದರೆ ಎಂತಾಯ್ತು? ಮಡಿ ಕೆಡ್ತದಾ?

ಸೊಸೆ: ಒಂಥರಾ ಹೌದು. ಇದರೊಳಗೆ ಒಂದು ಅಲ್ಯೂಮಿನಿಯಮ್ ತಗಡು, ಅದರಲ್ಲಿ ಮೂರು ಬಿಳಿ ಬಿಲ್ಲೆ. ಒಂದರ ಮೇಲೆ ಲೋಹದ ಪರದೆ, ಒಂದರ ಮೇಲೆ ಪ್ಲಾಸ್ಟಿಕ್ಕು, ಇನ್ನೊಂದಕ್ಕೆ ಏನೂ ಇಲ್ಲ. ವಿಕಿರಣ ಬಿದ್ದರೆ ಬಿಲ್ಲೆ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೂರು ತಿಂಗಳಿಗೊಮ್ಮೆ ಲ್ಯಾಬಿನವರು ಕಾಯಿಸಿದಾಗ ಮಿನುಗುತ್ತದೆ. ಎಷ್ಟು ಮಿನುಗಿತೋ ಅಷ್ಟು ಡೋಸು. ಯಾವ ಪರದೆಯ ಹಿಂದಿನದು ಎಷ್ಟು ಎಂದು ನೋಡಿ ಯಾವ ಜಾತಿಯ ವಿಕಿರಣ ಎಂಬುದನ್ನೂ ಅಂದಾಜು ಮಾಡುತ್ತಾರೆ. ಈಗ ಇದು ನಿಮ್ಮ ಚಿರೆಕಲ್ಲಿನ ಗೋಡೆ, ಮಣ್ಣಿನ ನೆಲದ ಲೆಕ್ಕವನ್ನೂ ಹಿಡಿಯುತ್ತಾ ಕೂತಿದೆ.

ಮಾವ: ನಮ್ಮನೆ ಗೋಡೆಯಲ್ಲೂ ಅದು ಇದೆ ಅಂತೀಯಾ?

ಸೊಸೆ: ಎಲ್ಲ ಕಡೆ ಇದೆ. ಜಗತ್ತಿನ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್. ಹೆಚ್ಚು ಪಾಲು ನೆಲದಿಂದ ಏಳುವ ರೇಡಾನ್ ಅನಿಲದ್ದು. ಅದಕ್ಕೇ ಯಾರೂ ತೊಡದ ಒಂದು ಕಂಟ್ರೋಲ್ ಬ್ಯಾಡ್ಜು ಹಲಗೆಯ ಮೇಲೇ ಇರುತ್ತದೆ. ಅದರಲ್ಲಿ ಬಂದದ್ದನ್ನು ನಮ್ಮದರಿಂದ ಕಳೆಯುತ್ತಾರೆ.

ಮಾವ: ಹಾಗಾದ್ರೆ ಇದು ನಿನ್ನ ಕಾಯ್ತದೆ ಅನ್ನು.

ಸೊಸೆ: ಕಾಯುವುದಿಲ್ಲ. ಬರೆದುಕೊಳ್ಳುತ್ತದೆ ಅಷ್ಟೆ.

ಮಾವ: ಹ್ಹ! ಕಳ್ಳ ಅಡಕೆ ಹೊತ್ಕೊಂಡು ಹೋಗಿ ಮೂರು ತಿಂಗಳಾದ ಮೇಲೆ "ಅವತ್ತು ಬಂದಿದ್ದ" ಅಂತ ಹೇಳುವ ಕಾವಲಿನವ. ಇವನಿಗೆ ಸಂಬಳ ಬೇರೆ.

ಸೊಸೆ: ಕಾಯುವ ಕೆಲಸಕ್ಕೆ ಬೇರೆಯವರಿದ್ದಾರೆ ಮಾವ. ಬೆಸುಗೆಯೊಳಗೆ ಬಿರುಕಿದೆಯಾ ಎಂದು ನೋಡಲು ನಮ್ಮಲ್ಲಿ ಇರಿಡಿಯಮ್-192 ಎಂಬ ವಿಕಿರಣ ಮೂಲ ಇಟ್ಟು ಚಿತ್ರ ತೆಗೆಯುತ್ತಾರೆ. ಭಾರದ ಪೆಟ್ಟಿಗೆಯೊಳಗಿನಿಂದ ಆ ಮೂಲವನ್ನು ಕೇಬಲ್ಲಿನ ತುದಿಯಲ್ಲಿ ಹೊರಗೆ ನೂಕಿ, ದೂರ ನಿಂತು, ಮತ್ತೆ ಒಳಗೆ ಎಳೆದುಕೊಳ್ಳಬೇಕು. ದೂರ ಇಮ್ಮಡಿಯಾದರೆ ಬೀಳುವುದು ಕಾಲುಭಾಗ. ಅಡಕೆ ಬೇಯಿಸುವ ಒಲೆಯಿಂದ ನೀವು ಹಿಂದೆ ಸರಿಯುವುದಿಲ್ಲವಾ, ಹಾಗೇ. ಒಳಗೆ ಹೋಯಿತೋ ಇಲ್ಲವೋ ಎನ್ನುವುದು ಕಣ್ಣಿಗೆ ಗೊತ್ತಾಗುವುದಿಲ್ಲ. ಕೈಯಲ್ಲಿ ಮೀಟರ್ ಹಿಡಿದೇ ಹತ್ತಿರ ಹೋಗಬೇಕು.

ಮಾವ: ಮೀಟರ್ ಸುಳ್ಳು ಹೇಳಿದ್ರೆ?

ಇಲ್ಲಿ ಅವಳು ಸುಮ್ಮನಾದಳು. ಬ್ಯಾಡ್ಜಿನ ಕ್ಲಿಪ್ಪನ್ನು ಎರಡು ಸಲ ಒತ್ತಿದಳು, ಬಿಟ್ಟಳು.

ಸೊಸೆ: ಹೇಳಿದೆ. ನಾನು ಮೊದಲು ಕೆಲಸಕ್ಕಿದ್ದ ಕಡೆ. ರಾತ್ರಿ ಪಾಳಿ. ಹುಡುಗ ಕೇಬಲ್ ಸುತ್ತಿದ, ಮೀಟರ್ ಹಿಡಿದು ಹೋದ. ಮುಳ್ಳು ಸೊನ್ನೆಯಲ್ಲೇ ಇದೆ. ಪೆಟ್ಟಿಗೆ ಎತ್ತಲು ಬಗ್ಗಿದ. ಆಗ ಹಿಂದಿದ್ದ ಹಿರಿಯ ಒಬ್ಬರು ಕೂಗಿದರು, "ಪೆಟ್ಟಿಗೆ ಪಕ್ಕ ಸೊನ್ನೆ ಹೇಗೆ ಬರ್ತದೋ?" ಮೂಲ ಒಳಗೇ ಇದ್ದರೂ ಪೆಟ್ಟಿಗೆಯ ಮೈಗೆ ಮೀಟರ್ ತಾಗಿಸಿದರೆ ಸ್ವಲ್ಪವಾದರೂ ತೋರಿಸಬೇಕು. ನೋಡಿದರೆ ಸೆಲ್ಲು ಸತ್ತಿತ್ತು. ಅವತ್ತು ಮೂಲ ಒಳಗೆ ಸರಿಯಾಗಿ ಕೂತಿತ್ತು, ಅದು ಅವನ ಪುಣ್ಯ. ಅಂದಿನಿಂದ ನನಗೆ ಸೊನ್ನೆ ಕಂಡರೇ ಭಯ. ಏನೂ ಇಲ್ಲದ ಸೊನ್ನೆಗೂ ಸತ್ತ ಮೀಟರಿನ ಸೊನ್ನೆಗೂ ನೋಡಲು ವ್ಯತ್ಯಾಸವೇ ಇಲ್ಲ.

ಮಾವ: ಇದನ್ನೇ ನಾವು ಕೇಳಿದ್ದು. 1989ರಲ್ಲಿ ಶಿವರಾಮ ಕಾರಂತರು ಕೈಗಾ ಅಣುಸ್ಥಾವರ ಬೇಡವೆಂದೇ ಲೋಕಸಭೆಗೆ ನಿಂತಾಗ ಓಟು ಕೇಳಲು ಮನೆಮನೆ ತಿರುಗಿದವ ನಾನು. ಸೋತರು. ನಾವೂ ಸುಮ್ಮನಾದೆವು. ಅವತ್ತಿನಿಂದ "ಎಲ್ಲ ಮಿತಿಯೊಳಗಿದೆ" ಎಂಬ ಒಂದೇ ಪಲ್ಲವಿ. ಮಿತಿ ಹಾಕಿದವರು ಯಾರು? ಅವರೇ. ಅಳೆಯುವವರು? ಅವರೇ. ತೆರೆದು ಓದುವವರೂ ಅವರೇ.

ಸೊಸೆ: ಮಿತಿ ಯಾರೋ ಕೂತಲ್ಲೇ ಬರೆದದ್ದಲ್ಲ. ಮೊದಲು ವರ್ಷಕ್ಕೆ 50 ಮಿಲಿಸೀವರ್ಟ್ ಇತ್ತು. ಹಿರೋಶಿಮಾ, ನಾಗಾಸಾಕಿಯಲ್ಲಿ ಬದುಕಿ ಉಳಿದವರ ಲೆಕ್ಕವನ್ನು ಮತ್ತೆ ನೋಡಿದ ಮೇಲೆ 1990ರಲ್ಲಿ ವಿಕಿರಣ ರಕ್ಷಣೆಯ ಅಂತರರಾಷ್ಟ್ರೀಯ ಆಯೋಗ ಸರಾಸರಿ 20ಕ್ಕೆ ಇಳಿಸಿತು. ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯದು ಇನ್ನೂ ಬಿಗಿ. ಐದು ವರ್ಷಕ್ಕೆ ಒಟ್ಟು 100, ಯಾವ ಒಂದು ವರ್ಷದಲ್ಲೂ 30 ದಾಟುವಂತಿಲ್ಲ. ಹೊರಗಿನ ಜನಕ್ಕೆ ವರ್ಷಕ್ಕೆ 1.

ಮಾವ: ನೋಡು, 50 ಇದ್ದಾಗಲೂ "ಮಿತಿಯೊಳಗೆ" ಅಂತಲೇ ಹೇಳಿರ್ತಾರೆ. ಆವಾಗ 40 ತಗೊಂಡವನಿಗೆ ಆಮೇಲೆ ಯಾರಾದ್ರೂ ಹೋಗಿ "ತಪ್ಪಾಯ್ತು" ಅಂದ್ರಾ?

ಸೊಸೆ: ಇಲ್ಲ. ಅದಕ್ಕೇ ಮಿತಿಯ ಕೆಳಗೆ ನಿಂತುಬಿಡಿ ಎಂದು ನಿಯಮ ಹೇಳುವುದೂ ಇಲ್ಲ. ಸಾಧ್ಯವಾದಷ್ಟು ಇನ್ನೂ ಕಡಿಮೆ ಮಾಡಿ ಎನ್ನುತ್ತದೆ. ಮಿತಿ ಎಂದರೆ ಗದ್ದೆಯ ಅಂಚು ಅಲ್ಲ, ಬಾವಿಯ ಕಟ್ಟೆ. ಅಲ್ಲಿಯವರೆಗೆ ಹೋಗಬೇಕೆಂದೇನೂ ಇಲ್ಲ.

ಮಾವ: ಮಾತು ಚೆನ್ನಾಗಿ ಕಲ್ತಿದ್ದೀ. 2009ರ ನೀರಿನ ಕೂಲರ್ ಕತೆ ಹೇಳು ಹಾಗಾದ್ರೆ. ಆಗ ಬಾವಿಕಟ್ಟೆ ಎಲ್ಲಿತ್ತು?

ಈ ಪ್ರಶ್ನೆ ಬರುತ್ತದೆಂದು ಇಬ್ಬರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಯಲ್ಲಾಪುರದ ಮೇಲೆ ಹಾದು ಹೋಗುವ ಕೈಗಾ–ಇಳಕಲ್ ರಸ್ತೆಯ ಆಚೀಚೆ ಇರುವ ಯಾವ ಊರಿನ ಜಗುಲಿಯಲ್ಲೂ ವಿಕಿರಣದ ಮಾತು ಎತ್ತಿದರೆ ಅದು ಆ ಕೂಲರ್‌ಗೆ ಬಂದೇ ನಿಲ್ಲುತ್ತದೆ.

ಸೊಸೆ: ಹೇಳುತ್ತೇನೆ, ಆದರೆ ಪೂರ್ತಿ ಕೇಳಬೇಕು. ಕೈಗಾದ ಒಂದನೇ ಘಟಕ ದುರಸ್ತಿಗೆಂದು ನಿಂತಿತ್ತು. ನವೆಂಬರ್ 24ಕ್ಕೆ ಕೆಲಸಗಾರರ ಮೂತ್ರ ಪರೀಕ್ಷೆಯಲ್ಲಿ ಟ್ರಿಟಿಯಮ್ ಜಾಸ್ತಿ ಕಂಡಿತು. ಒಬ್ಬಿಬ್ಬರಲ್ಲ, ಐವತ್ತಕ್ಕೂ ಹೆಚ್ಚು ಜನ. ಎಲ್ಲರೂ ಎಲ್ಲಿ ನೀರು ಕುಡಿದರು ಎಂದು ಹುಡುಕಿದಾಗ ಒಂದೇ ಕೂಲರ್ ಸಿಕ್ಕಿತು. ಭಾರಜಲವನ್ನು ಯಾರೋ ಬೇಕೆಂದೇ ಅದಕ್ಕೆ ಸೇರಿಸಿದ್ದಾರೆ ಎಂದು ಆಗ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾಗಿದ್ದ ಅನಿಲ್ ಕಾಕೋಡ್ಕರ್ ಅವರೇ ಹೇಳಿದರು. ವರ್ಷದ ಮಿತಿ ದಾಟಿದ್ದು ಇಬ್ಬರದು.

ಮಾವ: ಬ್ಯಾಡ್ಜು ಇತ್ತಲ್ಲ ಎಲ್ಲರ ಎದೆ ಮೇಲೆ?

ಸೊಸೆ: ಇತ್ತು. ಅದಕ್ಕೆ ಇದು ಕಾಣುವುದೇ ಇಲ್ಲ. ಟ್ರಿಟಿಯಮ್ಮಿನ ಬೀಟಾ ಎಷ್ಟು ದುರ್ಬಲ ಎಂದರೆ ಚರ್ಮದ ಮೇಲಿನ ಸತ್ತ ಪದರವನ್ನೂ ದಾಟುವುದಿಲ್ಲ. ಹೊರಗಿದ್ದರೆ ಏನೂ ಅಲ್ಲ. ಒಳಗೆ ಹೋದರೆ ನೀರಾಗಿ ಮೈತುಂಬ ಹರಡುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಅದನ್ನು ಹಿಡಿದದ್ದು ಲಕ್ಷಗಟ್ಟಲೆ ಬೆಲೆಯ ಯಂತ್ರದ ಬಾಗಿಲಲ್ಲ ಮಾವ, ಉಚ್ಚೆಯ ಬಾಟಲಿ. ತಪ್ಪದೆ ಬಾಟಲಿ ಕೇಳುವ ಒಂದು ಪದ್ಧತಿ ಇತ್ತು, ಅದಕ್ಕೆ ಸಿಕ್ಕಿತು. ಅದಿಲ್ಲದಿದ್ದರೆ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ.

ಮಾವ: ಇಷ್ಟು ಕಾವಲು, ಇಷ್ಟು ಬೇಲಿ, ಒಳಗೆ ಹೋಗಲು ನೂರು ಪಾಸು. ಕಡೆಗೆ ಕುಡಿಯುವ ನೀರಿಗೇ ಹಾಕಿದ್ರು. ನಿಮ್ಮ ಪುಸ್ತಕದಲ್ಲಿ ಮನುಷ್ಯನ ಸಿಟ್ಟಿಗೆ ಮೀಟರ್ ಇದೆಯಾ? ಹಾಕಿದ ಕೈ ಯಾರದ್ದೆಂದು ಇವತ್ತಿಗೂ ಊರವರಿಗೆ ಗೊತ್ತಿಲ್ಲ.

ಸೊಸೆ: ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ಮಾವ: ಆ ಕುಡಿದವರ ಗತಿ?

ಸೊಸೆ: ನೀರಾಗಿ ಹೋದದ್ದು ನೀರಾಗಿಯೇ ಹೊರಗೆ ಬರುತ್ತದೆ. ಟ್ರಿಟಿಯಮ್ ತಾನಾಗಿ ಅರ್ಧವಾಗಲು 12 ವರ್ಷ ಬೇಕು. ಆದರೆ ಮೈಯಿಂದ ಅರ್ಧ ಹೋಗಲು ಸುಮಾರು 10 ದಿನ ಸಾಕು. ನೀರು ಹೆಚ್ಚು ಕುಡಿಸಿ, ಮೂತ್ರ ಹೆಚ್ಚಿಸುವ ಔಷಧಿ ಕೊಟ್ಟರೆ ಇನ್ನೂ ಬೇಗ.

ಮಾವ: ಆಮೇಲೆ? ಇಪ್ಪತ್ತು ವರ್ಷ ಬಿಟ್ಟು?

ಸೊಸೆ: ಆ ಅಂತರರಾಷ್ಟ್ರೀಯ ಆಯೋಗದ ಅಂದಾಜಿನ ಪ್ರಕಾರ 20 ಮಿಲಿಸೀವರ್ಟ್ ತೆಗೆದುಕೊಂಡ ಸಾವಿರ ಜನರಲ್ಲಿ ಒಬ್ಬರಿಗೆ ಅದರಿಂದಾಗಿಯೇ ಕ್ಯಾನ್ಸರ್ ಬರಬಹುದು. ಹೇಗೂ ಬರುವ ಕ್ಯಾನ್ಸರುಗಳ ನಡುವೆ ಆ ಒಬ್ಬರು ಯಾರೆಂದು ಯಾವ ಡಾಕ್ಟರೂ ಬೆರಳು ಮಾಡಿ ತೋರಿಸಲಾರರು.

ಮಾವ: ಅದೇ ಅನುಕೂಲ. ಯಾರೆಂದು ಗೊತ್ತಾಗದಿದ್ರೆ ಯಾರಿಗೂ ಪರಿಹಾರ ಕೊಡ್ಬೇಕಿಲ್ಲ.

ಸೊಸೆ: ನೀವು ಹೋದ ವರ್ಷ ಹೊಟ್ಟೆಗೆ ಸಿಟಿ ಸ್ಕ್ಯಾನ್ ಮಾಡಿಸಿಕೊಂಡಿರಲ್ಲ. ಅದರಲ್ಲಿ 8ರಿಂದ 10 ಮಿಲಿಸೀವರ್ಟ್ ಬಂದಿರಬಹುದು. ಅವತ್ತು ಕೇಳಿದಿರಾ ಮಿತಿ ಎಷ್ಟು ಅಂತ?

ಮಾವ: ಎಷ್ಟು?

ಸೊಸೆ: ರೋಗಿಗೆ ಮಿತಿ ಇಲ್ಲ. ಡಾಕ್ಟರು ಬೇಕು ಎಂದರೆ ಬೇಕು. ಅದನ್ನು ಯಾವ ಪುಸ್ತಕದಲ್ಲೂ ನಿಮ್ಮ ಹೆಸರಿನ ಮುಂದೆ ಕೂಡಿಸಿಡುವುದಿಲ್ಲ. ಕೈಗಾದ ಒಳಗೆ ಕೆಲಸ ಮಾಡುವವನದು ಪೈಸೆ ಪೈಸೆ ಲೆಕ್ಕ ಇರುತ್ತದೆ. ಪೇಟೆಯ ಎಕ್ಸ್‌ರೇ ಕೋಣೆಯಲ್ಲಿ ದಿನವಿಡೀ ಗುಂಡಿ ಒತ್ತುವವನದು? 2012ರಲ್ಲಿ ಸಿಎಜಿ ವರದಿಯೇ ಹೇಳಿತು, ದೇಶದ ನೂರಕ್ಕೆ 91 ಎಕ್ಸ್‌ರೇ ಘಟಕಗಳು ನಿಯಂತ್ರಣ ಮಂಡಳಿಯಲ್ಲಿ ನೋಂದಣಿಯೇ ಆಗಿಲ್ಲ ಎಂದು. ಮಂಡಳಿಗೆ ಸಾಕಷ್ಟು ಸ್ವಾತಂತ್ರ್ಯವಿಲ್ಲ ಎಂದೂ ಹೇಳಿತು. ಅಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಜನ ಹೆದರುವ ಕಡೆ ಅಳತೆ ಜಾಸ್ತಿ, ಹೆದರದ ಕಡೆ ಅಳತೆಯೇ ಇಲ್ಲ. ಇದು ಸರ್ಕಾರದ ತಪ್ಪು ಮಾತ್ರವಾ?

ಮಾವ: ಹೆದರಿಕೆ ಇದ್ದದ್ದಕ್ಕೇ ಅಲ್ಲಿ ಅಳತೆ ಬಂತು ಅನ್ನು. ನಾವು ಕೂಗಿದ್ದು ದಂಡ ಆಗ್ಲಿಲ್ಲ ಹಾಗಾದ್ರೆ.

ಅವಳು ನಕ್ಕಳು. ಮಾವ ಗೆದ್ದ ಸುತ್ತು ಅದು. ಗೆದ್ದ ಖುಷಿಗೆ ಅವರು ಎಲೆಗೆ ಸುಣ್ಣ ಹಚ್ಚಿ ಅಡಕೆ ಹೋಳು ಇಟ್ಟು ಮಡಚತೊಡಗಿದರು. ಅದೇ ತಪ್ಪಾಯಿತು.

ಸೊಸೆ: ಮಾವ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದ್ದೊಂದು ಪಟ್ಟಿ ಇದೆ. ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತ ಎನ್ನುವುದು ಮೊದಲನೇ ಗುಂಪು. ಎಕ್ಸ್‌ರೇ, ಗಾಮಾ ಎಲ್ಲ ಅದರಲ್ಲಿವೆ. 2004ರಲ್ಲಿ ಅದೇ ಗುಂಪಿಗೆ ಇನ್ನೊಂದು ಸೇರಿತು. ನಿಮ್ಮ ಕೈಯಲ್ಲಿದೆ.

ಮಾವ: ಗೊತ್ತು ಮಾರಾಯ್ತಿ! ಅಡಕೆ ಹಾನಿಕರ ಅಂತ ಪೇಪರಿನಲ್ಲಿ ಬಂದಾಗಲೆಲ್ಲ ಇಲ್ಲಿ ಸಭೆ ಆಗ್ತದೆ. ಆ ಪಟ್ಟಿ "ತರ್ತದಾ, ಇಲ್ಲವಾ" ಅಷ್ಟೇ ಹೇಳೋದು. ಎಷ್ಟು ತಿಂದ್ರೆ ಎಷ್ಟು ಅಂತ ಹೇಳೋದಿಲ್ಲ. ದಿನಕ್ಕೆರಡು ಕವಳ ಹಾಕುವವನೂ, ತಂಬಾಕು ಕಲೆಸಿದ ಗುಟ್ಕಾವನ್ನು ದವಡೆಯಲ್ಲೇ ಇಟ್ಟು ಮಲಗುವವನೂ ಒಂದೆಯಾ? ಪ್ರಮಾಣ ನೋಡ್ಬೇಕೋ ಬೇಡವೋ?

ಸೊಸೆ: ಇದೇ ವಾಕ್ಯ ನಾನು ಕೈಗಾಕ್ಕೆ ಹೇಳಿದರೆ ಪಲ್ಲವಿ ಎನ್ನುತ್ತೀರಿ.

ಮಾವ ಮಡಚಿದ ಕವಳವನ್ನು ಬಾಯಿಗೆ ಹಾಕದೆ ಬೆರಳಲ್ಲೇ ಹಿಡಿದಿದ್ದರು. ನಾನು ಆಚೆ ನೋಡಿದೆ.

ಮಾವ: ಒಂದು ವ್ಯತ್ಯಾಸ ಇದೆ. ಕವಳ ನಾನೇ ಹಾಕ್ಕೊಳ್ಳೋದು. ಆ ಕೂಲರಿನಿಂದ ಲೋಟ ತುಂಬಿಸ್ಕೊಂಡವ ನೀರು ಅಂತ ಕುಡ್ದ. ತಿಳಿದು ಒಪ್ಪೋದಕ್ಕೂ ತಿಳಿಯದೆ ತಗೊಳ್ಳೋದಕ್ಕೂ ನಿನ್ನ ಮಿಲಿಸೀವರ್ಟಿನಲ್ಲಿ ಬೇರೆ ಬೇರೆ ಅಂಕೆ ಇದೆಯಾ?

ಸೊಸೆ: ಇಲ್ಲ. ಅಂಕೆಗೆ ಅದು ಗೊತ್ತಾಗುವುದಿಲ್ಲ. ಸರಿ, ಆ ಮಾತನ್ನೇ ಹಿಡಿಯೋಣ. ಅಲ್ಲಿ ಮರದ ಮೇಲಿದ್ದಾನಲ್ಲ, ಅವನಿಗೆ ತಿಳಿದಿದೆಯಾ?

ಮಾವ: ಎಂತದು?

ಸೊಸೆ: ತಾನು ಏನನ್ನು ಉಸಿರಾಡುತ್ತಿದ್ದೇನೆ ಅಂತ.

ಮಾವ: ಬೋರ್ಡೋ ದ್ರಾವಣವೇ? 100 ಲೀಟರ್ ನೀರಿಗೆ ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ. ಮೈಸೂರು ಸೀಮೆಯಲ್ಲಿ ಕೋಲ್ಮನ್ ಸಾಹೇಬ ಕೊಳೆಗೆ ಇದನ್ನ ಹೊಡಿಸಿ ನೂರು ವರ್ಷದ ಮೇಲಾಯ್ತು. ನನ್ನ ಅಪ್ಪನೂ ಹೊಡಿಸ್ತಿದ್ದ. ಇದು ವಿಷ ಅಲ್ಲ.

ಸೊಸೆ: ದ್ರಾಕ್ಷಿ ತೋಟದಲ್ಲೂ ಇದನ್ನೇ ಹೊಡೆಯುತ್ತಾರೆ. 1969ರಲ್ಲಿ ಪೋರ್ಚುಗಲ್ಲಿನ ವೈದ್ಯರು ವರ್ಷಗಟ್ಟಲೆ ಇದನ್ನು ಸಿಂಪಡಿಸಿದವರ ಶ್ವಾಸಕೋಶದಲ್ಲಿ ತಾಮ್ರ ಕೂತು ಗಂಟು ಕಟ್ಟಿದ್ದನ್ನು ಕಂಡರು. ಅದಕ್ಕೆ ದ್ರಾಕ್ಷಿತೋಟದ ಸಿಂಪಡಕರ ಶ್ವಾಸಕೋಶ ಎಂದೇ ಹೆಸರಾಯಿತು. ಇವನಿಗೆ ಹಾಗೇ ಆಗಿದೆ ಎನ್ನುತ್ತಿಲ್ಲ. ಆಗಿಲ್ಲ ಎಂದು ನಿಮಗೆ ಹೇಗೆ ಗೊತ್ತು, ಅಷ್ಟೇ ಕೇಳುತ್ತಿದ್ದೇನೆ. ಯಾರೂ ಅಳೆದಿಲ್ಲ. ಇದು ಸತ್ತ ಮೀಟರಿನ ಸೊನ್ನೆ.

ಮಾವ: ನಿನ್ನ ಸೊನ್ನೆ ಹಿಡ್ಕೊಂಡು ನನ್ನ ತೋಟಕ್ಕೆ ಬರ್ಬೇಡ. ಅವನಿಗೆ ಸಾವು ಬಂದ್ರೆ ಶ್ವಾಸಕೋಶದಿಂದ ಅಲ್ಲ, ಜಾರಿ ಬಿದ್ದು. ಮಳೆಗಾಲದ ಮರ. ನಾನು ನಿಜವಾಗಿ ಹೆದರೋದು ಅದಕ್ಕೆ. ಕೈಗಾದಲ್ಲೂ ಅಷ್ಟೇ ಅಲ್ವಾ? 1994ರ ಮೇ 13ಕ್ಕೆ ಒಂದನೇ ಘಟಕದ ಗುಮ್ಮಟದ ಕಾಂಕ್ರೀಟು ಕಳಚಿ ಬಿತ್ತು. ಆಗ ಒಳಗೆ ಇಂಧನವೇ ಬಂದಿರ್ಲಿಲ್ಲ, ವಿಕಿರಣ ಎಲ್ಲಿಂದ ಬರ್ತದೆ? ಬಿದ್ದದ್ದು ಬರೀ ಸಿಮೆಂಟು. ನೀವು ಕಾಣದ್ದನ್ನ ಅಳೀತಾ ಕೂರ್ತೀರಿ, ಕಾಣುವುದು ತಲೆ ಮೇಲೆ ಬೀಳ್ತದೆ.

ಸೊಸೆ: ಇದು ನಮ್ಮವರಿಗೆ ನಾನು ಹೇಳಿ ಹೇಳಿ ಸಾಕಾದ ಮಾತು. ಗಾಮಾಕ್ಕೆ ಕೊಡುವ ಗಮನದ ಕಾಲುಭಾಗ ಏಣಿಗೆ ಕೊಟ್ಟರೆ ಸಾಕು ಎಂದು. ಬೆಸುಗೆ ಹೊಗೆಗೆ, ಮರಳಿನ ಧೂಳಿಗೆ ಯಾರೂ ಬ್ಯಾಡ್ಜು ಕೊಡುವುದಿಲ್ಲ.

ಪಂಪು ನಿಂತಿತ್ತು. ಕೊನೆಗೌಡ ಇಳಿದು ಬಂದು ಬಚ್ಚಲ ಹೊರಗಿನ ಕಲ್ಲುಮರಿಗೆಯಲ್ಲಿ ಕೈ ಅದ್ದಿದ. ಉಗುರಿನ ಬುಡದಲ್ಲಿ, ಅಂಗೈ ಗೆರೆಗಳಲ್ಲಿ ನೀಲಿ. ಹುಬ್ಬಿನ ಮೇಲೆ ಸುಣ್ಣದ ಹನಿಗಳು ಒಣಗಿ ಬಿಳಿ ಚುಕ್ಕೆಗಳಾಗಿದ್ದವು. ಬಾಯಿಗೆ ಕಟ್ಟಿಕೊಂಡಿದ್ದ ಟವೆಲ್ಲು ಬಿಚ್ಚಿದ. ಅದರ ಹೊರಮೈಯಷ್ಟೇ ಒಳಮೈಯೂ ನೀಲಿಯಾಗಿತ್ತು. ಬ್ಯಾಡ್ಜು ನೋಡಿ ಏನೆಂದು ಕೇಳಿದ. ಅವಳು ಹೇಳಿದಳು. "ಇದನ್ನ ಕಟ್ಕೊಂಡ್ರೆ ಕಾಲು ಜಾರೂದಿಲ್ವಾ?" ಎಂದ. ಜಾರುತ್ತದೆ ಎಂದಳು. "ಹಾಗಾರೆ ನಂಗ್ಯಾಕೆ" ಎಂದು ನಗುತ್ತ ಚಾದ ಲೋಟ ಹಿಡಿದು ಅಡಕೆ ಚಪ್ಪರದ ಕಡೆ ಹೋದ. ಮಾವ ಗೋಡೆಯ ಗೂಡಿನಿಂದ ಡೈರಿ ತೆಗೆದರು. ದಿನದ ಲೆಕ್ಕ ಆಗಾಗಲೇ ಬರೆಯುವ ಶಿಸ್ತಿನವರು.

ಸೊಸೆ: ಕೊಡಿ ನೋಡೋಣ. ಇವೆಲ್ಲ ಎಷ್ಟು ವರ್ಷದ್ದು?

ಮಾವ: ಮೂವತ್ತೆರಡು. ಗೂಡಿನಲ್ಲಿವೆ.

ಸೊಸೆ: ತಾರೀಕು. ಮೈಲುತುತ್ತ ಮೂರು ಕೇಜಿ. ಸುಣ್ಣ ಮೂರು. ಮರ ನೂರ ಹತ್ತು. ಮಾವ, ಇದೆಂತದೆಂದು ಗೊತ್ತಾ ನಿಮಗೆ? ನಾವು ಹಳೇ ಕಾರ್ಖಾನೆಗಳಲ್ಲಿ ತಡಕಾಡಿದರೂ ಸಿಗದ ಚಿನ್ನ. ಹಿಂದೆ ಅಳತೆ ಮಾಡಿರದಿದ್ದರೆ ಇಂಥ ದಾಖಲೆಯಿಂದಲೇ ಅಂದಾಜು ಕಟ್ಟುವುದು. ಒಬ್ಬ ಮನುಷ್ಯ ಎಷ್ಟು ದಿನ, ಎಷ್ಟು ಹೊತ್ತು, ಎಷ್ಟು ದ್ರಾವಣದ ನಡುವೆ ಇದ್ದ ಎಂದು. ಮೂವತ್ತೆರಡು ವರ್ಷದ ಡೋಸಿನ ಪುಸ್ತಕ ಇದು.

ಮಾವ: ನೋಡ್ದ್ಯಾ, ನಾವೂ ದಡ್ಡರಲ್ಲ.

ಸೊಸೆ: ಒಂದೇ ಕೊರತೆ. "ಆಳು 2" ಎಂದಿದೆ. ಎಲ್ಲ ಪುಟದಲ್ಲೂ ಹಾಗೇ. ಆಳು 2, ಆಳು 3. ಮೈಲುತುತ್ತದ ಅಂಗಡಿಯ ಹೆಸರಿದೆ, ಪಂಪು ರಿಪೇರಿ ಮಾಡಿದವನ ಹೆಸರಿದೆ. ಮರ ಹತ್ತಿದವರು ಯಾರು?

ಮಾವ: ಗೊತ್ತಿರ್ತದಲ್ಲ. ಬರೀಬೇಕು ಅಂತಿಲ್ಲ.

ಸೊಸೆ: ನಿಮಗೆ ಗೊತ್ತಿದೆ. ನಿಮ್ಮ ನಂತರ?

ಮಾವ: ಹೆಸರು ಬರೆದ್ರೆ ನಾಳೆ ಅವ ಕೆಮ್ಮಿದ್ರೂ ನನ್ನ ಡೈರಿ ತೋರಿಸ್ತಾರೆ.

ಸೊಸೆ: ಹೌದು. ಅದಕ್ಕೇ ಬರೆಯುವುದು.

ಮಾವ: ಹಾಗಾದ್ರೆ ಒಂದು ಹೇಳು. ನಿನ್ನ ಹತ್ರ ಎಲ್ಲರ ಹೆಸರಿನ ಪುಸ್ತಕ ಇದೆಯಲ್ಲ. ಗುತ್ತಿಗೆಗೆ ಬರುವವರದ್ದು? ಒಬ್ಬನ ಡೋಸು ಏರ್ತಾ ಬಂದ್ರೆ ಏನ್ ಮಾಡ್ತೀರಿ?

ಸೊಸೆ: ಆ ಕೆಲಸದಿಂದ ತೆಗೆದು ಬೇರೆಯವರನ್ನು ಹಾಕುತ್ತೇವೆ.

ಮಾವ: ಅವನ ಕೂಲಿ?

ಸೊಸೆ: ಕಂತ್ರಾಟುದಾರ ನೋಡಿಕೊಳ್ಳಬೇಕು.

ಮಾವ: ನೋಡಿಕೊಳ್ತಾನಾ?

ಅವಳು ಉತ್ತರ ಹೇಳಲಿಲ್ಲ.

ಮಾವ: ಅದಕ್ಕೇ ಅವರು ನಿನ್ನ ಬ್ಯಾಡ್ಜನ್ನ ಬಿಚ್ಚಿಟ್ಟು ಒಳಗೆ ಹೋಗ್ತಾರೆ, ಹೌದೋ ಅಲ್ಲವೋ?

ಸೊಸೆ: ಒಬ್ಬನನ್ನು ನಾನೇ ಹಿಡಿದಿದ್ದೆ. ಊಟದ ಡಬ್ಬಿಯೊಳಗೆ ಇಟ್ಟಿದ್ದ.

ಮಾವ: ಇವನಿಗೂ ಹಾಗೇ. ನಾನು ಲೆಕ್ಕ ಇಟ್ಟು "ನಿನಗೆ ಜಾಸ್ತಿ ಆಯ್ತು, ಈ ವರ್ಷ ಸಾಕು" ಅಂದ್ರೆ ಪಕ್ಕದ ಊರಿನ ತೋಟಕ್ಕೆ ಹೋಗ್ತಾನೆ. ಮನೆ ನಡೀಬೇಕಲ್ಲ.

ಸೊಸೆ: ಗೊತ್ತು ಮಾವ. ಆದರೂ.

ಮಾವ: ಆದರೂ ಎಂತದು?

ಚಪ್ಪರದ ಕಡೆಯಿಂದ ಕೂಗು ಬಂತು: "ಸುಣ್ಣ ಮುಗೀತು ಒಡೇರೆ, ಇನ್ನೊಂದು ಡ್ರಮ್ಮಿಗಾಗೂದಿಲ್ಲ." ಮಾವ ಪೆನ್ನಿಗೆ ಮುಚ್ಚಳ ಹಾಕಿ ಎದ್ದರು. ಎರಡು ಹೆಜ್ಜೆ ಹೋದವರು ತಿರುಗಿ, ಆ ಬಿಲ್ಲೆಯನ್ನು ಅಟ್ಟದ ಮೇಲೆ ಮಾತ್ರ ಇಡಬೇಡ, ಕೆಳಗಿನ ಒಲೆಯ ಶಾಖ ಏರುತ್ತದೆ, ಕಾಯಿಸಿದರೆ ಮಿನುಗಿ ಹೋಗುತ್ತದೆ ಅಂದೆಯಲ್ಲ ಎಂದರು. ಅವಳು ಅದನ್ನು ದೇವರ ಗೂಡಿನ ಪಕ್ಕದ ತಣ್ಣನೆ ಕಪಾಟಿನಲ್ಲಿಟ್ಟು ಬಂದಳು. ಡೈರಿ ಜಗುಲಿಯ ಮೇಲೆ ತೆರೆದೇ ಬಿದ್ದಿತ್ತು. ಆ ದಿನದ ತಾರೀಕು, ಮೈಲುತುತ್ತ, ಸುಣ್ಣ, ಮರ. ಕೊನೆಯ ಸಾಲಿನಲ್ಲಿ "ಆಳು" ಎಂದು ಬರೆದಿತ್ತು, ಮುಂದೆ ಇನ್ನೂ ಏನೂ ಬರೆದಿರಲಿಲ್ಲ.